ಕರುಳಿಗೆ ರಕ್ತ ಕಡಿಮೆಯಾದಾಗ: ಯಂತ್ರದ ಕಣ್ಣು, ರೋಗಿಯ ಮಾತು

(ಶಾಲೆಯ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಉಪನ್ಯಾಸ ಮಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ನಿಂತು ಮಾತನಾಡುವುದು ಯಾವ ಶಿಕ್ಷಕಿಗಾದರೂ ಪುಣ್ಯದ ಸಂಗತಿ. ಈ ಮಾಲೆಯಲ್ಲಿ ನನ್ನ ಪಾಲಿಗೆ ಬಂದದ್ದು ಆರೋಗ್ಯದ ವಿಷಯ. ನಾನು ವೈದ್ಯಳಲ್ಲ; ಮೂರು ದಶಕಗಳಿಂದ ಕನ್ನಡ ಕಲಿಸುತ್ತಾ ಬಂದವಳು. ಆದರೂ ಇಂದು ಒಂದು ಕಾಯಿಲೆಯನ್ನೂ ಅದನ್ನು ಕಂಡುಹಿಡಿಯುವ ಯಂತ್ರಗಳನ್ನೂ ಕುರಿತು ಮಾತನಾಡಬೇಕೆಂದು ನಿಶ್ಚಯಿಸಿದ್ದೇನೆ. ಏಕೆಂದರೆ ಈ ಕಾಯಿಲೆಯಲ್ಲಿ ಯಂತ್ರಕ್ಕಿಂತ ಮೊದಲು ಕೆಲಸ ಮಾಡಬೇಕಾದದ್ದು ಭಾಷೆ. ಗಡಿಯಲ್ಲಿ ಬಾಳುವ ನಮಗೆ ಅದು ಸಾವು-ಬದುಕಿನ ಪ್ರಶ್ನೆ.

ಕನ್ನಡದಲ್ಲಿ 'ಕರುಳು' ಎಂಬ ಮಾತಿಗೆ ದೊಡ್ಡ ಬಾಳಿದೆ. ತಾಯಿ-ಮಕ್ಕಳ ಸಂಬಂಧವನ್ನು ಕರುಳಬಳ್ಳಿ ಎನ್ನುತ್ತೇವೆ. ಅನ್ಯರ ಕಷ್ಟ ಕಂಡಾಗ ಕರುಳು ಚುರ್ ಎನ್ನುತ್ತದೆ. ದಯೆಯಿಲ್ಲದವನನ್ನು ಕರುಳಿಲ್ಲದವನು ಎಂದು ಕರೆಯುತ್ತೇವೆ. ಪ್ರೀತಿಗೂ ನೋವಿಗೂ ಕರುಳನ್ನೇ ನೆಲೆಯಾಗಿಸಿದ ಭಾಷೆ ನಮ್ಮದು. ಆದರೆ ಆ ಕರುಳು ಬದುಕುವುದು ಹೇಗೆ, ಅದಕ್ಕೆ ಅನ್ನ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ತಡವರಿಸುತ್ತೇವೆ. ಇಡೀ ದೇಹಕ್ಕೆ ಆಹಾರವನ್ನು ಜೀರ್ಣಿಸಿಕೊಡುವ ಕರುಳಿಗೂ ಆಹಾರ ಬೇಕು, ಪ್ರಾಣವಾಯು ಬೇಕು. ಅವೆರಡನ್ನೂ ತರುವುದು ರಕ್ತ.

ಸಣ್ಣ ಕರುಳಿನ ಉದ್ದ ಸುಮಾರು 6 ಮೀಟರ್, ದೊಡ್ಡ ಕರುಳಿನದು ಸುಮಾರು ಒಂದೂವರೆ ಮೀಟರ್. ಹೃದಯದಿಂದ ಹೊರಟ ಮಹಾಪಧಮನಿಯು ಹೊಟ್ಟೆಯೊಳಗೆ ಇಳಿಯುವಾಗ ಅದರ ಮುಂಭಾಗದಿಂದ ಮೂರು ಕವಲುಗಳು ಒಡೆಯುತ್ತವೆ. ಮೇಲಿನದು ಜಠರ, ಯಕೃತ್ತು, ಗುಲ್ಮಗಳಿಗೆ ರಕ್ತವನ್ನು ಒಯ್ಯುತ್ತದೆ. ನಡುವಿನದು ಹೆಚ್ಚುಕಡಿಮೆ ಇಡೀ ಸಣ್ಣ ಕರುಳನ್ನೂ ದೊಡ್ಡ ಕರುಳಿನ ಮೊದಲ ಅರ್ಧವನ್ನೂ ಪೋಷಿಸುತ್ತದೆ. ಕೆಳಗಿನದು ಉಳಿದ ದೊಡ್ಡ ಕರುಳಿನ ಪಾಲು. ವಿಶ್ರಾಂತಿಯ ಹೊತ್ತಿನಲ್ಲಿಯೂ ಹೃದಯ ಹೊರಚೆಲ್ಲುವ ರಕ್ತದ ಐದರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಜೀರ್ಣಾಂಗಗಳಿಗೆ ಹೋಗುತ್ತದೆ. ಊಟವಾದ ಮೇಲೆ ಅದು ಇನ್ನೂ ಏರುತ್ತದೆ. ಈ ಪೂರೈಕೆಗೆ ಅಡಚಣೆಯಾಗುವ ಕಾಯಿಲೆಯನ್ನು ವೈದ್ಯರು ಮೆಸೆಂಟೆರಿಕ್ ಇಸ್ಕೀಮಿಯಾ ಎಂದು ಕರೆಯುತ್ತಾರೆ. ನಾವು ಅದನ್ನು ಕರುಳಿನ ರಕ್ತಪೂರೈಕೆಯ ಕೊರತೆ ಎನ್ನೋಣ. ಹೃದಯಾಘಾತದಲ್ಲಿ ಹೃದಯದ ಸ್ನಾಯುವಿಗೆ ಏನಾಗುತ್ತದೆಯೋ ಅದೇ ಇಲ್ಲಿ ಕರುಳಿಗೆ ಆಗುತ್ತದೆ. ಹೃದಯಾಘಾತದ ಹೆಸರು ಹಳ್ಳಿಯ ಮಗುವಿಗೂ ಗೊತ್ತು. ಇದರ ಹೆಸರನ್ನು ಓದು ಬಲ್ಲವರೂ ಕೇಳಿಲ್ಲ.

ನಮ್ಮ ಭಾಗದ ರೈತರಿಗೆ ಇದನ್ನು ಅರ್ಥಮಾಡಿಸುವುದು ಕಷ್ಟವಲ್ಲ. ಕಬ್ಬಿನ ಹೊಲಕ್ಕೆ ಡ್ರಿಪ್ ಪೈಪು ಹಾಕಿದವರಿಗೆ ಗೊತ್ತು: ಬಾವಿಯಲ್ಲಿ ನೀರಿದೆ, ಮೋಟಾರು ಓಡುತ್ತಿದೆ, ಆದರೂ ಒಂದು ಸಾಲಿನ ಬೆಳೆ ಬಾಡುತ್ತದೆ. ಕವಲೊಡೆಯುವ ಜಾಗದಲ್ಲಿ ಕಸ ಸಿಕ್ಕಿಕೊಂಡಿರಬಹುದು. ಇಲ್ಲವೇ ಪೈಪಿನ ಒಳಮೈಗೆ ಉಪ್ಪು ಕಟ್ಟಿ ದಾರಿ ಕಿರಿದಾಗಿರಬಹುದು. ಇಲ್ಲವೇ ಮೋಟಾರಿನ ಒತ್ತಡವೇ ಕುಸಿದಿರಬಹುದು. ಅದೂ ಅಲ್ಲದಿದ್ದರೆ ಹೊಲದ ನೀರು ಹೊರಗೆ ಬಸಿಯುವ ಕಾಲುವೆ ಕಟ್ಟಿ, ಬೇರು ಕೊಳೆಯುತ್ತಿರಬಹುದು. ಕರುಳಿನಲ್ಲಿಯೂ ಈ ನಾಲ್ಕೇ ಬಗೆ. ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತದ ಉಂಡೆ ಹರಿದುಬಂದು ಕರುಳಿನ ಅಪಧಮನಿಯಲ್ಲಿ ಸಿಕ್ಕಿಕೊಳ್ಳುವುದು ಒಂದು. ಕೊಬ್ಬು ಮತ್ತು ಸುಣ್ಣ ಕಟ್ಟಿ ಕಿರಿದಾದ ಅಪಧಮನಿಯಲ್ಲಿಯೇ ರಕ್ತ ಹೆಪ್ಪುಗಟ್ಟುವುದು ಎರಡು. ತೀವ್ರ ಕಾಯಿಲೆಯಲ್ಲಿ ರಕ್ತದೊತ್ತಡ ಕುಸಿದು ಕರುಳಿಗೆ ರಕ್ತ ಸಾಲದೆ ಹೋಗುವುದು ಮೂರು. ರಕ್ತವನ್ನು ಹಿಂದಕ್ಕೆ ಒಯ್ಯುವ ಅಭಿಧಮನಿ ಕಟ್ಟಿಕೊಳ್ಳುವುದು ನಾಲ್ಕು. ಈ ಕೊನೆಯದು ಹರೆಯದವರಲ್ಲಿಯೂ ಕಾಣಿಸಿಕೊಳ್ಳಬಹುದು.

ಮೊದಲ ಬಗೆಯನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಅದರ ಬೇರು ಶಾಲೆಯ ಕೋಣೆಯವರೆಗೆ ಬರುತ್ತದೆ. ಐದರಿಂದ ಹದಿನೈದು ವರ್ಷದ ಮಕ್ಕಳಿಗೆ ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಜೀವಿಯಿಂದ ಗಂಟಲು ನೋವು ಬರುತ್ತದೆ. ಸರಿಯಾದ ಔಷಧ ಸಿಗದಿದ್ದರೆ ಕೆಲವು ಮಕ್ಕಳಲ್ಲಿ ಎರಡು ಮೂರು ವಾರಗಳ ತರುವಾಯ ಕೀಲು ಬಾವು ಮತ್ತು ಜ್ವರ ಕಾಣಿಸಿಕೊಳ್ಳುತ್ತವೆ. ಇದೇ ರುಮ್ಯಾಟಿಕ್ ಜ್ವರ. ಅದು ಹೃದಯದ ಕವಾಟಗಳನ್ನು ಕೆಡಿಸುತ್ತದೆ. ಕೆಟ್ಟ ಕವಾಟದಿಂದಾಗಿ ಹೃದಯದ ಮೇಲಿನ ಕೋಣೆ ಹಿಗ್ಗುತ್ತದೆ, ಬಡಿತದ ತಾಳ ತಪ್ಪುತ್ತದೆ, ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಒಂದು ದಿನ ಕಳಚಿಕೊಂಡು ಮಿದುಳಿಗೆ ಹೋದರೆ ಪಾರ್ಶ್ವವಾಯು, ಕಾಲಿಗೆ ಹೋದರೆ ಕಾಲಿಗೆ ಆಪತ್ತು, ಕರುಳಿಗೆ ಹೋದರೆ ನಾವು ಮಾತನಾಡುತ್ತಿರುವ ಕಾಯಿಲೆ. ಕರುಳಿನ ನಡುವಿನ ಅಪಧಮನಿಯು ಮಹಾಪಧಮನಿಯಿಂದ ಓರೆಯಾಗಿ ಕೆಳಮುಖವಾಗಿ ಹೊರಡುವುದರಿಂದ ಹರಿದುಬಂದ ಹೆಪ್ಪಿಗೆ ಅದರೊಳಗೆ ಜಾರುವುದು ಸುಲಭ. ಹತ್ತು ವರ್ಷದ ಮಗುವಿನ ಗಂಟಲು ನೋವು ಐವತ್ತು ವರ್ಷದವರ ಕರುಳಿಗೆ ಮುಟ್ಟುವ ದಾರಿ ಇದು. ಆದ್ದರಿಂದ ಪಾಲಕರಲ್ಲಿ ವಿನಂತಿ: ಗಂಟಲು ನೋವು ಬಂದು, ಆಮೇಲೆ ಮಂಡಿ, ಕಣಕಾಲು ಬಾತುಕೊಂಡ ಮಗುವನ್ನು ಮನೆಯಲ್ಲಿ ಕೂರಿಸಿಕೊಳ್ಳಬೇಡಿ, ವೈದ್ಯರಿಗೆ ತೋರಿಸಿ. ರುಮ್ಯಾಟಿಕ್ ಜ್ವರ ಎಂದು ಗೊತ್ತಾದ ಮಕ್ಕಳಿಗೆ ಮೂರು ಅಥವಾ ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಕೊಡುತ್ತಾರೆ. ಸುಗ್ಗಿ ಬಂತೆಂದೋ ಜಾತ್ರೆ ಬಂತೆಂದೋ ಅದನ್ನು ತಪ್ಪಿಸಬಾರದು.

ಎರಡನೆಯ ಬಗೆಗೆ ಕಾರಣ ವಯಸ್ಸು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಎಲ್ಲಕ್ಕಿಂತ ಮಿಗಿಲಾಗಿ ಬೀಡಿ-ಸಿಗರೇಟು. ಇದು ಮೆಲ್ಲನೆ ಬರುವ ಕಾಯಿಲೆ. ಊಟವಾದ ಅರ್ಧ ಗಂಟೆಯೊಳಗೆ ಹೊಕ್ಕುಳಿನ ಸುತ್ತ ನೋವು ಎದ್ದು, ಒಂದೆರಡು ಗಂಟೆ ಕಾಡಿ, ತಾನಾಗಿ ಇಳಿಯುತ್ತದೆ. ಉಂಡರೆ ನೋವು ಬರುವುದರಿಂದ ರೋಗಿಯು ಉಣ್ಣಲು ಹೆದರುತ್ತಾನೆ, ಅರ್ಧ ರೊಟ್ಟಿಗೆ ಕೈ ತೊಳೆಯುತ್ತಾನೆ, ಮೈ ಇಳಿದುಹೋಗುತ್ತದೆ. ಮನೆಯವರು ವಯಸ್ಸಾಯಿತೆಂದು ಸುಮ್ಮನಾಗುತ್ತಾರೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನಾವು ಕಲಿಸುತ್ತೇವೆ. ಊಟವೇ ಭಯವಾದ ಈ ರೋಗಿಗೆ ಉಳಿಯುವುದು ಗಾದೆಯ ಎರಡನೆಯ ಅರ್ಧ. ತನ್ನ ನೋವನ್ನು ಮಾತಿನಲ್ಲಿ ಹೇಳಬಲ್ಲವನಿಗೆ ಮಾತ್ರ ಬಿಡುಗಡೆಯ ದಾರಿ ಕಾಣುತ್ತದೆ.

ಇನ್ನು ಹಠಾತ್ತನೆ ಬರುವ ಕಾಯಿಲೆಯ ಲಕ್ಷಣ. ಅದು ಮೋಸದ ಲಕ್ಷಣ. ನೋವು ಸಹಿಸಲಾರದಷ್ಟು, ಆದರೆ ವೈದ್ಯರು ಹೊಟ್ಟೆಯನ್ನು ಒತ್ತಿ ನೋಡಿದರೆ ಅದು ಮೆತ್ತಗಿರುತ್ತದೆ. ರಕ್ತ ನಿಂತಾಗ ಮೊದಲು ಸಾಯುವುದು ಕರುಳಿನ ಒಳಪದರ. ಹೊರಪದರಕ್ಕೂ ಹೊಟ್ಟೆಯ ಒಳಗೋಡೆಗೂ ಉರಿ ಮುಟ್ಟುವುದು ತಡವಾಗಿ. ಹೊಟ್ಟೆ ಕಲ್ಲಿನಂತೆ ಬಿಗಿಯುವ ಹೊತ್ತಿಗೆ ಕರುಳು ಸತ್ತಿರುತ್ತದೆ. ನಡುವೆ ಕೆಲವು ಗಂಟೆ ನೋವು ತುಸು ಇಳಿದಂತೆ ತೋರುವುದೂ ಉಂಟು. ಅದನ್ನು ಗುಣವೆಂದು ತಿಳಿದವರು ಮೋಸಹೋಗುತ್ತಾರೆ. ರಕ್ತದ ಹರಿವು ಪೂರ್ತಿ ನಿಂತರೆ ಸುಮಾರು 6 ಗಂಟೆಗಳಲ್ಲಿ ಕರುಳಿನ ಗೋಡೆಗೆ ಸರಿಪಡಿಸಲಾಗದ ಹಾನಿಯಾಗಬಹುದು. ಕಾಯಿಲೆ ತಡವಾಗಿ ಗೊತ್ತಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯುವುದಿಲ್ಲ.

ಇಂಥ ಕಾಯಿಲೆಯನ್ನು ಹೊಟ್ಟೆ ಕೊಯ್ಯದೆ ನೋಡುವ ಬಗೆ ಹೇಗೆ? ಇಲ್ಲಿ ನಾವು ಒಂದು ಶತಮಾನದ ವಿಜ್ಞಾನದ ಕಥೆಗೆ ಬರುತ್ತೇವೆ. ಅದು ಹೆಚ್ಚುಕಡಿಮೆ ನಮ್ಮ ಶಾಲೆಯ ವಯಸ್ಸಿನದೇ ಕಥೆ.

1895ರ ನವೆಂಬರ್ 8ರಂದು ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರಾಂಟ್ಜೆನ್ ಕ್ಷ-ಕಿರಣಗಳನ್ನು ಕಂಡರು. 1901ರಲ್ಲಿ ಭೌತವಿಜ್ಞಾನದ ಮೊದಲ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು. ಕ್ಷ-ಕಿರಣಕ್ಕೆ ಎಲುಬು ಕಾಣುತ್ತದೆ, ರಕ್ತನಾಳ ಕಾಣುವುದಿಲ್ಲ. ಕಿರಣವನ್ನು ತಡೆಯುವ ದ್ರಾವಣವನ್ನು ರಕ್ತನಾಳದೊಳಕ್ಕೆ ಬಿಟ್ಟರೆ ಅದರ ಹಾದಿ ಬರೆಹದಂತೆ ಮೂಡುತ್ತದೆಂದು ಪೋರ್ಚುಗಲ್ಲಿನ ವೈದ್ಯರು ತೋರಿಸಿದರು. 1927ರಲ್ಲಿ ಎಗಾಸ್ ಮೊನಿಜ್ ಮಿದುಳಿನ ರಕ್ತನಾಳಗಳನ್ನು, 1929ರಲ್ಲಿ ರೆನಾಲ್ಡೊ ಡೋಸ್ ಸಾಂಟೋಸ್ ಹೊಟ್ಟೆಯ ಮಹಾಪಧಮನಿಯನ್ನು ಚಿತ್ರದಲ್ಲಿ ಕಂಡರು. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಅವರು ಸೂಜಿ ಮತ್ತು ತೆಳುತಂತಿಯ ಸಹಾಯದಿಂದ ಸಣ್ಣ ನಳಿಕೆಯನ್ನು ರಕ್ತನಾಳದೊಳಗೆ ಸುರಕ್ಷಿತವಾಗಿ ತೂರಿಸುವ ವಿಧಾನವನ್ನು ಪ್ರಕಟಿಸಿದರು. ಇದೇ ಇಂದು ಮನೆಮಾತಾಗಿರುವ ಆಂಜಿಯೋಗ್ರಫಿಯ ತಳಹದಿ. 1970ರ ದಶಕದಲ್ಲಿ ನ್ಯೂಯಾರ್ಕಿನ ಸ್ಕಾಟ್ ಬೋಲಿ ಮತ್ತು ಅವರ ಸಂಗಡಿಗರು ಒಂದು ಮುಖ್ಯವಾದ ಮಾತನ್ನು ಹೇಳಿದರು: ಕರುಳಿನ ರಕ್ತ ನಿಂತಿರಬಹುದೆಂಬ ಸಂಶಯ ಬಂದರೆ ಹೊಟ್ಟೆ ಬಿಗಿಯುವವರೆಗೆ ಕಾಯಬೇಡಿ, ಕೂಡಲೆ ಆಂಜಿಯೋಗ್ರಫಿ ಮಾಡಿ. ಅದೇ ನಳಿಕೆಯಿಂದ ರಕ್ತನಾಳವನ್ನು ಸಡಿಲಿಸುವ ಔಷಧವನ್ನೂ ಬಿಡಬಹುದೆಂದು ಅವರು ತೋರಿಸಿದರು.

ಆದರೆ ಆಂಜಿಯೋಗ್ರಫಿಗೆ ನುರಿತ ಕೈ ಬೇಕು, ಹೊತ್ತು ಬೇಕು. ಈ ಕೊರತೆಯನ್ನು ನೀಗಿಸಿದ್ದು ಸಿಟಿ ಸ್ಕ್ಯಾನ್. ಮಕ್ಕಳೇ, ಇದರ ಜನಕ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರ ಕಥೆಯನ್ನು ನೀವು ಕೇಳಬೇಕು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್ ಪ್ರಾಂತದ ಒಕ್ಕಲುತನದ ಮನೆಯಲ್ಲಿ 1919ರಲ್ಲಿ ಹುಟ್ಟಿ, ಐವರು ಮಕ್ಕಳಲ್ಲಿ ಕಿರಿಯವನಾಗಿ ಬೆಳೆದು, ಹೊಲದ ಯಂತ್ರಗಳನ್ನು ಬಿಚ್ಚಿ ಕೂಡಿಸುತ್ತಾ ಕಲಿತವರು ಅವರು. ವಿಶ್ವವಿದ್ಯಾಲಯದ ಪದವಿ ಅವರಿಗಿರಲಿಲ್ಲ. ಹಾಡಿನ ತಟ್ಟೆಗಳಿಗೆ ಹೆಸರಾದ ಇಎಂಐ ಕಂಪನಿಯಲ್ಲಿ ದುಡಿಯುತ್ತಿದ್ದಾಗ ಅವರಿಗೊಂದು ಯೋಚನೆ ಹೊಳೆಯಿತು. ಸುತ್ತಲಿನ ಹಲವು ಕೋನಗಳಿಂದ ಕಿರಣ ಹಾಯಿಸಿ, ಲೆಕ್ಕಹಾಕಿ, ಒಳಗಿನ ಚಿತ್ರವನ್ನು ಪದರ ಪದರವಾಗಿ ಕಟ್ಟಬಹುದಲ್ಲವೇ ಎಂಬುದು ಆ ಯೋಚನೆ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರ ಮೂಡಿತು. 1979ರಲ್ಲಿ ಅಲನ್ ಕಾರ್ಮ್ಯಾಕ್ ಅವರೊಡನೆ ಹೌನ್ಸ್‌ಫೀಲ್ಡರು ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಮೊದಲ ಯಂತ್ರಕ್ಕೆ ಒಂದು ಪದರಕ್ಕೆ ಹಲವು ನಿಮಿಷ ಬೇಕಾಗುತ್ತಿತ್ತು. ಇಂದಿನ ಬಹುಪದರದ ಯಂತ್ರ ಇಡೀ ಹೊಟ್ಟೆಯನ್ನು ಒಂದು ಉಸಿರು ಹಿಡಿಯುವಷ್ಟರಲ್ಲಿ ನೋಡಿ ಮುಗಿಸುತ್ತದೆ.

ಈಗ ಒಂದೊಂದು ಪರೀಕ್ಷೆಯ ಬಲ ಮತ್ತು ಮಿತಿಯನ್ನು ನೋಡೋಣ. ಸಾದಾ ಎಕ್ಸ್-ರೇ ಈ ಕಾಯಿಲೆಯ ಆರಂಭದಲ್ಲಿ ಹಲವೊಮ್ಮೆ ಏನನ್ನೂ ತೋರಿಸುವುದಿಲ್ಲ. ಕರುಳು ತೂತಾಗಿ ಗಾಳಿ ಹೊರಬಂದಿದೆಯೇ ಎಂಬುದನ್ನು ತಿಳಿಯಲು ಮಾತ್ರ ಅದು ನೆರವಾಗುತ್ತದೆ. ಎಕ್ಸ್-ರೇ ಸರಿಯಿದೆ ಎಂದರೆ ಕರುಳು ಸರಿಯಿದೆ ಎಂದು ಅರ್ಥವಲ್ಲ. ಎರಡನೆಯದು ಸೋನೋಗ್ರಫಿ. ಶಬ್ದತರಂಗದಿಂದ ರಕ್ತದ ವೇಗವನ್ನು ಅಳೆಯುವ ಡಾಪ್ಲರ್ ವಿಧಾನ ಮೆಲ್ಲನೆ ಬರುವ ಕಾಯಿಲೆಗೆ ಒಳ್ಳೆಯ ಮೊದಲ ಪರೀಕ್ಷೆ. ಕಿರಿದಾದ ದಾರಿಯಲ್ಲಿ ನೀರು ರಭಸವಾಗಿ ಹಾಯುವಂತೆ ಕಿರಿದಾದ ಅಪಧಮನಿಯಲ್ಲಿ ರಕ್ತದ ವೇಗ ಹೆಚ್ಚುತ್ತದೆ. ಕರುಳಿನ ನಡುವಿನ ಅಪಧಮನಿಯಲ್ಲಿ ಅದು ಸೆಕೆಂಡಿಗೆ 275 ಸೆಂಟಿಮೀಟರಿಗಿಂತ ಹೆಚ್ಚಾದರೆ ದಾರಿ ಬಹಳ ಕಿರಿದಾಗಿದೆ ಎಂದು ಸಂಶಯಿಸುತ್ತಾರೆ. ಇದಕ್ಕೆ ಬರಿಹೊಟ್ಟೆಯಲ್ಲಿ ಹೋಗಬೇಕು. ಆದರೆ ಹಠಾತ್ ಕಾಯಿಲೆಯಲ್ಲಿ ಕರುಳಿನ ಗಾಳಿ ಶಬ್ದತರಂಗಕ್ಕೆ ಅಡ್ಡಬರುತ್ತದೆ; ನರಳುತ್ತಿರುವ ರೋಗಿಯ ಹೊಟ್ಟೆಯನ್ನು ಒತ್ತಿ ನೋಡುವುದೂ ಕಷ್ಟ. ಎಂಆರ್‌ಐ ಯಂತ್ರಕ್ಕೆ ವಿಕಿರಣದ ಭಯವಿಲ್ಲ, ಆದರೆ ಹೆಚ್ಚು ಹೊತ್ತು ಹಿಡಿಯುತ್ತದೆ. ತುರ್ತಿನಲ್ಲಿ ಅಷ್ಟು ಹೊತ್ತು ನಮ್ಮಲ್ಲಿರುವುದಿಲ್ಲ.

ಆದ್ದರಿಂದ ಇಂದು ವೈದ್ಯಲೋಕ ಒಪ್ಪಿರುವ ಮೊದಲ ಪರೀಕ್ಷೆ ಸಿಟಿ ಆಂಜಿಯೋಗ್ರಫಿ. ತೋಳಿನ ಅಭಿಧಮನಿಗೆ ಅಯೋಡಿನ್ ಬೆರೆತ ದ್ರಾವಣವನ್ನು ವೇಗವಾಗಿ ಚುಚ್ಚುತ್ತಾರೆ. ಮೈಯೆಲ್ಲ ಕ್ಷಣಹೊತ್ತು ಬೆಚ್ಚಗಾಗುತ್ತದೆ, ಅದಕ್ಕೆ ಅಂಜಬೇಕಾಗಿಲ್ಲ. ಸುಮಾರು ಅರ್ಧ ನಿಮಿಷದಲ್ಲಿ ದ್ರಾವಣ ಅಪಧಮನಿಗಳನ್ನು ತುಂಬಿದಾಗ ಒಂದು ಸುತ್ತು ಚಿತ್ರ. ಸುಮಾರು ಒಂದು ನಿಮಿಷಕ್ಕೆ ಕರುಳಿನ ಗೋಡೆಯನ್ನು ದಾಟಿ ಅಭಿಧಮನಿಗಳಿಗೆ ಬಂದಾಗ ಇನ್ನೊಂದು ಸುತ್ತು. ಮೊದಲ ಸುತ್ತಿನಲ್ಲಿ ಹೆಪ್ಪು ಇರುವ ಜಾಗ ಬೆಳ್ಳಗಿನ ದಾರಿಯಲ್ಲಿ ಕಪ್ಪು ತುಂಡಿನಂತೆ ಕಾಣುತ್ತದೆ. ಎರಡನೆಯ ಸುತ್ತಿನಲ್ಲಿ ರಕ್ತ ಪಡೆದ ಕರುಳು ಬೆಳಗುತ್ತದೆ, ಪಡೆಯದ ಕರುಳು ಮಂಕಾಗಿಯೇ ಉಳಿಯುತ್ತದೆ. ಅಭಿಧಮನಿ ಕಟ್ಟಿದ್ದರೆ ಅದೂ ಈ ಸುತ್ತಿನಲ್ಲಿಯೇ ಗೊತ್ತಾಗುತ್ತದೆ. ಕರುಳಿನ ಗೋಡೆಯೊಳಗೆ ಅಥವಾ ಯಕೃತ್ತಿಗೆ ಹೋಗುವ ರಕ್ತನಾಳದೊಳಗೆ ಗಾಳಿ ಕಂಡರೆ ಅದು ತಡವಾದುದರ ಗುರುತು. ಹಳೆಯ ಆಂಜಿಯೋಗ್ರಫಿ ಪೈಪನ್ನು ಮಾತ್ರ ತೋರಿಸುತ್ತಿತ್ತು. ಇದು ಪೈಪನ್ನೂ ಬೆಳೆಯನ್ನೂ ಒಟ್ಟಿಗೆ ತೋರಿಸುತ್ತದೆ. ಸರಿಯಾಗಿ ಮಾಡಿದರೆ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ರೋಗಿಗಳಲ್ಲಿ ಕಾಯಿಲೆ ಇದರಿಂದ ಪತ್ತೆಯಾಗುತ್ತದೆ.

ಮೂತ್ರಪಿಂಡದ ತೊಂದರೆ, ಹಿಂದೆ ಇಂಥ ದ್ರಾವಣದಿಂದ ಆದ ಅಲರ್ಜಿ, ಸಕ್ಕರೆ ಕಾಯಿಲೆಯ ಮಾತ್ರೆ, ಗರ್ಭ, ಇವನ್ನು ಮೊದಲೇ ಹೇಳಬೇಕು. ವಿಕಿರಣವೂ ಇದೆ, ಹೌದು. ಸಣ್ಣಪುಟ್ಟ ಹೊಟ್ಟೆನೋವಿಗೆಲ್ಲ ಸಿಟಿ ಬೇಡುವುದು ತಪ್ಪು. ಆದರೆ ಕರುಳಿನ ರಕ್ತ ನಿಂತಿದೆಯೆಂಬ ಬಲವಾದ ಸಂಶಯವಿದ್ದಾಗ ರಕ್ತಪರೀಕ್ಷೆಯ ವರದಿಗಾಗಿ ಸ್ಕ್ಯಾನನ್ನು ಮುಂದೂಡಬಾರದೆಂಬುದು ತಜ್ಞರ ಅಭಿಪ್ರಾಯ. ಆರಂಭದಲ್ಲಿ ಈ ಕಾಯಿಲೆಯನ್ನು ಖಚಿತವಾಗಿ ತೋರಿಸುವ ರಕ್ತಪರೀಕ್ಷೆ ಇಲ್ಲ.

ಇಷ್ಟು ಚೂಪಾದ ಕಣ್ಣಿರುವ ಯಂತ್ರಕ್ಕೂ ಒಂದು ಮಿತಿ ಇದೆ. ದ್ರಾವಣ ಚುಚ್ಚದೆ ತೆಗೆದ ಸಾದಾ ಸಿಟಿಯಲ್ಲಿ ಹೆಪ್ಪು ಕಣ್ಣಿಗೆ ಬೀಳದೆ ಹೋಗಬಹುದು. ದ್ರಾವಣ ಚುಚ್ಚಿದರೂ ಅಪಧಮನಿಯ ಸುತ್ತನ್ನು ಬಿಟ್ಟು ಒಂದೇ ಸುತ್ತು ತೆಗೆದರೆ ತಪ್ಪಬಹುದು. ಯಾವ ಸುತ್ತು, ಯಾವ ಹೊತ್ತಿಗೆ ಎಂಬುದನ್ನು ನಿರ್ಧರಿಸುವುದು ವೈದ್ಯರು ಚೀಟಿಯಲ್ಲಿ ಬರೆದ ಒಂದು ಸಾಲು. 'ಹೊಟ್ಟೆನೋವು' ಎಂದಷ್ಟೇ ಬರೆದರೆ ಒಂದು ಬಗೆಯ ಚಿತ್ರ. 'ಕರುಳಿನ ರಕ್ತನಾಳದಲ್ಲಿ ಹೆಪ್ಪು ಇರಬಹುದೇ' ಎಂದು ಬರೆದರೆ ಇನ್ನೊಂದು ಬಗೆಯ ಚಿತ್ರ. ಕೇಳಿದ ಪ್ರಶ್ನೆಗೆ ಮಾತ್ರ ಯಂತ್ರ ಉತ್ತರ ಕೊಡುತ್ತದೆ. ಆ ಪ್ರಶ್ನೆ ಹುಟ್ಟುವುದು ವೈದ್ಯರ ಮನಸ್ಸಿನಲ್ಲಿ. ವೈದ್ಯರ ಮನಸ್ಸಿಗೆ ಅದು ಬರಬೇಕಾದದ್ದು ರೋಗಿಯ ಬಾಯಿಂದ.

ಇಲ್ಲಿ ನಮ್ಮ ಮನೆತನದ ಒಂದು ಸಂಗತಿಯನ್ನು ಹೇಳುತ್ತೇನೆ. ಹನ್ನೆರಡು ವರ್ಷಗಳ ಹಿಂದೆ ನನ್ನ ಸೋದರಮಾವನಿಗೆ ಒಂದು ಸಂಜೆ ಹೊಟ್ಟೆನೋವು ಬಂತು. ಮನೆಯಲ್ಲಿ ಅವರು ತಮ್ಮ ಮಗಳಿಗೆ ಹೇಳಿದ ಮಾತನ್ನು ಆಕೆ ನನಗೆ ಆಮೇಲೆ ಹೇಳಿದಳು: "ಯವ್ವಾ, ಒಳಗ ಯಾರೋ ಕರುಳ ಹಿಡದು ಹಿಂಡಿದಂಗ ಆಗ್ಲಿಕ್ಕತ್ತದ. ಮುಟ್ಟಿ ನೋಡಿದ್ರ ಹೊಟ್ಟಿ ಮೆತ್ತಗದ, ಒಳಗ ಮಾತ್ರ ಜೀವ ಹೋಗ್ಲಿಕ್ಕತ್ತದ." ವೈದ್ಯಗ್ರಂಥದಲ್ಲಿ ಈ ಕಾಯಿಲೆಗೆ ಬರೆದ ಮುಖ್ಯ ಲಕ್ಷಣವನ್ನು, ಅಕ್ಷರ ಬಾರದ ಆ ಒಕ್ಕಲಿಗರು ತಮ್ಮ ನುಡಿಯಲ್ಲಿ ತಪ್ಪಿಲ್ಲದೆ ಹೇಳಿದ್ದರು. ಅಜವಾನ ನೀರು, ಸೋಡಾ ಎಂದು ಮನೆಯಲ್ಲಿ ಮೂರು ಗಂಟೆ ಕಳೆದವು. ಆಮೇಲೆ ಒಂದು ಆಸ್ಪತ್ರೆಗೆ ಹೋದರು. ಅಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ಜೊತೆಗೆ ಹೋದ ನೆರೆಮನೆಯ ಹುಡುಗ ಮಾವನ ಆ ಎರಡು ವಾಕ್ಯಗಳನ್ನು ಮರಾಠಿಗೆ ತಿರುಗಿಸಿದ್ದು ಎರಡೇ ಪದಗಳಲ್ಲಿ: "ಪೋಟ್ ದುಖತೇ." ಗ್ಯಾಸ್ ಎಂದು ಸೂಜಿ ಹಾಕಿದರು. ಎಕ್ಸ್-ರೇ ಸರಿಯಿತ್ತು. ಸೋನೋಗ್ರಫಿಯಲ್ಲಿ ಗಾಳಿ ತುಂಬಿ ಏನೂ ಕಾಣಲಿಲ್ಲ. ನಸುಕಿನಲ್ಲಿ ನೋವು ಇಳಿಯಿತು, ಎಲ್ಲರೂ ನಿಟ್ಟುಸಿರುಬಿಟ್ಟರು. ಬೆಳಗಾದ ಮೇಲೆ ಹೊಟ್ಟೆ ಬಿಗಿಯಿತು. ದೊಡ್ಡ ಆಸ್ಪತ್ರೆಗೆ ಒಯ್ದು ದ್ರಾವಣ ಚುಚ್ಚಿ ಸಿಟಿ ಮಾಡಿದಾಗ ನಡುವಿನ ಅಪಧಮನಿಯಲ್ಲಿ ಹೆಪ್ಪು ಸ್ಪಷ್ಟವಾಗಿ ಕಂಡಿತು. ಯಂತ್ರ ಕೆಲವೇ ಕ್ಷಣಗಳಲ್ಲಿ ತನ್ನ ಕೆಲಸವನ್ನು ಮಾಡಿತ್ತು. ಆದರೆ ಅಷ್ಟರಲ್ಲಿ ಹದಿನೆಂಟು ಗಂಟೆಗಳು ಕಳೆದಿದ್ದವು. ಶಸ್ತ್ರಕ್ರಿಯೆಯಾದ ಮೂರನೆಯ ದಿನ ಮಾವ ತೀರಿಕೊಂಡರು. ಅವರ ಎದೆಬಡಿತದ ತಾಳ ತಪ್ಪಿದೆಯೆಂದು ನಾಲ್ಕು ವರ್ಷಗಳ ಹಿಂದೆಯೇ ತೆಗೆದ ಇಸಿಜಿ ಕಾಗದ ಮನೆಯ ಟ್ರಂಕಿನಲ್ಲಿತ್ತು.

ಆ ವೈದ್ಯರನ್ನು ದೂರಲು ನಾನು ಇದನ್ನು ಹೇಳುತ್ತಿಲ್ಲ. ಎರಡು ಪದ ಕೇಳಿದವರು ಎರಡು ಪದಕ್ಕೆ ತಕ್ಕ ಔಷಧ ಕೊಟ್ಟರು. ಮರಾಠಿಯಲ್ಲಿ ನೋವಿಗೆ ಪದಗಳಿಲ್ಲವೇ? ಹೇರಳವಾಗಿವೆ. ಆದರೆ ಕನ್ನಡದ ಮನೆಯ ಹಿರಿಯರಿಗೆ ಗೊತ್ತಿರುವುದು ಅವುಗಳಲ್ಲಿ ಒಂದೋ ಎರಡೋ. ನಮ್ಮ ಮನೆಗಳಲ್ಲಿ ಹೊಟ್ಟೆ ಉರೀತದ, ಚುಚ್ತದ, ಕಡೀತದ, ಹಿಂಡ್ತದ, ಉಬ್ಬರಸ್ತದ. ಈ ಐದು ಕ್ರಿಯಾಪದಗಳು ವೈದ್ಯರ ಕಿವಿಗೆ ಐದು ಬೇರೆ ಬೇರೆ ಸುಳಿವುಗಳು. ಗಡಿ ದಾಟುವಾಗ ಐದೂ ಕರಗಿ ಒಂದಾಗಿಬಿಡುತ್ತವೆ.

ಈ ನೆಲದ ಚರಿತ್ರೆಯನ್ನು ನೆನೆಯಿರಿ. ನಮ್ಮ ಶಾಲೆ ಹುಟ್ಟಿದಾಗ ಮುರುಮ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1948ರಲ್ಲಿ ಆ ಆಳ್ವಿಕೆ ಕೊನೆಗೊಂಡಿತು. 1956ರಲ್ಲಿ ನಮ್ಮ ಜಿಲ್ಲೆ ಮುಂಬಯಿ ರಾಜ್ಯಕ್ಕೆ, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಮನೆಯ ಮಾತು ಕನ್ನಡವಾಗಿಯೇ ಉಳಿಯಿತು; ಕಚೇರಿಯ ಮಾತು ಉರ್ದುವಿನಿಂದ ಮರಾಠಿಗೆ ಬಂತು. ಅದೇ ಹೈದರಾಬಾದಿನಲ್ಲಿ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನು ಬೋಧನಾ ಮಾಧ್ಯಮವಾಗಿಸಿಕೊಂಡು ವೈದ್ಯಶಾಸ್ತ್ರವನ್ನೂ ಆ ಭಾಷೆಯಲ್ಲಿಯೇ ಕಲಿಸಿತು. ದೇಹವಿಜ್ಞಾನವನ್ನು ಭಾರತೀಯ ಭಾಷೆಯಲ್ಲಿ ಹೇಳಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ಬೇಕಿಲ್ಲ. ಕನ್ನಡದಲ್ಲಿ ಡಾ. ಅನುಪಮಾ ನಿರಂಜನ ಅವರು 'ಕೇಳು ಕಿಶೋರಿ'ಯಂತಹ ಪುಸ್ತಕದಿಂದ ಹೆಣ್ಣುಮಕ್ಕಳಿಗೆ ತಮ್ಮ ದೇಹವನ್ನು ತಮ್ಮ ನುಡಿಯಲ್ಲಿ ಅರಿಯುವುದನ್ನು ಕಲಿಸಿದರು. ಇಂದು ಪುಣೆಯ ಬಾಲಭಾರತಿಯು ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಕನ್ನಡದಲ್ಲಿಯೇ ವಿಜ್ಞಾನದ ಪಠ್ಯಪುಸ್ತಕಗಳನ್ನು ಅಚ್ಚುಹಾಕುತ್ತದೆ. ಮರಾಠಿಯನ್ನೂ ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುತ್ತಾರೆ. ಅಂದರೆ ಅಜ್ಜನ ನೋವನ್ನು ಕೇಳಬಲ್ಲ, ಅದರ ವಿಜ್ಞಾನವನ್ನು ತಿಳಿಯಬಲ್ಲ, ಅದನ್ನು ಸೊಲ್ಲಾಪುರದ ವೈದ್ಯರಿಗೆ ಅವರ ಭಾಷೆಯಲ್ಲಿ ಹೇಳಬಲ್ಲ ಒಬ್ಬ ವ್ಯಕ್ತಿ ಪ್ರತಿ ಮನೆಯಲ್ಲಿದ್ದಾನೆ. ಅವನು ಎಂಟನೆಯ ತರಗತಿಯಲ್ಲಿ ಓದುತ್ತಿದ್ದಾನೆ!

ಕನ್ನಡ ಶಾಲೆ ಯಾಕೆ ಬೇಕು, ಮರಾಠಿ ಅಥವಾ ಇಂಗ್ಲಿಷ್ ಶಾಲೆ ಸಾಲದೇ ಎಂದು ಪ್ರತಿ ಜೂನ್ ತಿಂಗಳಲ್ಲಿ ನನ್ನನ್ನು ಕೇಳುವ ಪಾಲಕರಿದ್ದಾರೆ. ಅವರಿಗೆ ನನ್ನ ಉತ್ತರಗಳಲ್ಲಿ ಇದೂ ಒಂದು. ಅಜ್ಜಿಯ 'ಹಿಂಡ್ತದ' ಎಂಬ ಮಾತಿಗೂ 'ಉರೀತದ' ಎಂಬ ಮಾತಿಗೂ ಇರುವ ಅಂತರ ತಿಳಿಯದ ಮೊಮ್ಮಗ ಎಷ್ಟು ಭಾಷೆ ಕಲಿತರೂ ಅಜ್ಜಿಯ ಪರವಾಗಿ ಮಾತನಾಡಲಾರ. ಹಾಗೆಯೇ ಮರಾಠಿಯನ್ನು ಚೆನ್ನಾಗಿ ಕಲಿಯದ ಮೊಮ್ಮಗನೂ ಆಕೆಯ ನೋವನ್ನು ಆಸ್ಪತ್ರೆಯ ಬಾಗಿಲವರೆಗೆ ಮಾತ್ರ ಒಯ್ಯಬಲ್ಲ. ಎರಡೂ ಬೇಕು, ಎರಡೂ ಗಟ್ಟಿಯಾಗಿರಬೇಕು.

ದಾರಿಯ ಲೆಕ್ಕವನ್ನೂ ಮರೆಯಬಾರದು. ಮುರುಮದಿಂದ ಸೊಲ್ಲಾಪುರವಾಗಲಿ, ಲಾತೂರಾಗಲಿ, ಅಳಂದದ ಮೇಲಿನಿಂದ ಕಲಬುರಗಿಯಾಗಲಿ, ಹೆಚ್ಚುಕಡಿಮೆ ಎರಡು ಗಂಟೆಯ ಹಾದಿ. ಮೂರೂ ಊರುಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಆರು ಗಂಟೆಯಲ್ಲಿ ಎರಡು ಗಂಟೆ ರಸ್ತೆಗೆ ಹೋದರೆ ಉಳಿಯುವುದು ನಾಲ್ಕು. ಮನೆಮದ್ದಿಗೆ ಮೂರು ಗಂಟೆ ಕೊಟ್ಟರೆ ಸ್ಕ್ಯಾನಿಗೂ ಶಸ್ತ್ರಕ್ರಿಯೆಗೂ ಸೇರಿ ಉಳಿಯುವುದು ಒಂದೇ ಗಂಟೆ. 1993ರ ಸೆಪ್ಟೆಂಬರ್ 30ರ ಭೂಕಂಪದ ಬೆಳಗಿನಲ್ಲಿ ನೆರವು ಬೇಗ ತಲುಪಿದ್ದಕ್ಕೂ ತಡವಾಗಿ ತಲುಪಿದ್ದಕ್ಕೂ ಇರುವ ಅಂತರವನ್ನು ಉಮರಗಾ ತಾಲೂಕಿನ ಜನ ಕಣ್ಣಾರೆ ಕಂಡವರು. ಒಬ್ಬನೇ ರೋಗಿಯ ಒಡಲಿನಲ್ಲಿ ನಡೆಯುವ ಆಪತ್ತಿಗೂ ಅದೇ ನಿಯಮ. ಬೇಗ ತಲುಪಿದವರಲ್ಲಿ ಹೆಪ್ಪನ್ನು ತೆಗೆದು, ಔಷಧದಿಂದ ಕರಗಿಸಿ, ಕಿರಿದಾದ ಕಡೆ ಸ್ಟೆಂಟ್ ಇಟ್ಟು ಕರುಳನ್ನು ಉಳಿಸಬಹುದು. ತಡವಾಗಿ ತಲುಪಿದವರಲ್ಲಿ ಸತ್ತ ಕರುಳನ್ನು ಕತ್ತರಿಸಿ ತೆಗೆಯುವುದೊಂದೇ ದಾರಿ.

ಆದ್ದರಿಂದ ಶತಮಾನೋತ್ಸವದ ವರ್ಷದಲ್ಲಿ ನಮ್ಮ ಶಾಲೆ ಒಂದು ಸಣ್ಣ ಕೆಲಸವನ್ನು ಕೈಗೆತ್ತಿಕೊಂಡಿದೆ. ರಕ್ತಪರಿಚಲನೆಯ ಪಾಠ ಮುಗಿದ ಮೇಲೆ ಪ್ರತಿ ವಿದ್ಯಾರ್ಥಿಯೂ ತನ್ನ ಮನೆಯ ಹಿರಿಯರೊಬ್ಬರ ಆರೋಗ್ಯ ಚೀಟಿಯನ್ನು ಬರೆಯಬೇಕು. ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಮರಾಠಿ. ಎದೆಬಡಿತದ ತೊಂದರೆ, ಕವಾಟದ ಕಾಯಿಲೆ, ಸಕ್ಕರೆ, ರಕ್ತದೊತ್ತಡ, ತಂಬಾಕಿನ ಚಟ, ತೆಗೆದುಕೊಳ್ಳುವ ಮಾತ್ರೆಗಳು, ಅಲರ್ಜಿ, ಹಿಂದೆ ಆದ ಹೃದಯಾಘಾತ ಇವೆಲ್ಲ ಅದರಲ್ಲಿರಬೇಕು. ಹಳೆಯ ಇಸಿಜಿ ಮತ್ತು ವರದಿಗಳನ್ನು ಅದರೊಡನೆ ಒಂದು ಚೀಲದಲ್ಲಿಟ್ಟು, ಚೀಲವನ್ನು ಬಾಗಿಲ ಬಳಿ ಗೂಟಕ್ಕೆ ತೂಗುಹಾಕಬೇಕು. ಟ್ರಂಕಿನೊಳಗೆ ಇಡಬಾರದು.

ಮಕ್ಕಳೇ, ಆಸ್ಪತ್ರ‍ೆಯಲ್ಲಿ ಹೇಳಬೇಕಾದ ನಾಲ್ಕು ಮಾತುಗಳನ್ನು ಬಾಯಿಪಾಠ ಮಾಡಿರಿ. ನೋವು ಎಷ್ಟು ಗಂಟೆಗೆ, ಎಷ್ಟು ಹಠಾತ್ತನೆ ಶುರುವಾಯಿತು ಎಂಬುದು ಮೊದಲನೆಯದು. ನೋವು ಯಾವ ಬಗೆಯದು, ಹೊಟ್ಟೆ ಮುಟ್ಟಿದರೆ ಹೇಗಿದೆ ಎಂಬುದು ಎರಡನೆಯದು. ಎದೆಬಡಿತದ ಕಾಯಿಲೆ ಇದೆಯೇ, ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಿದ್ದಾರೆಯೇ ಎಂಬುದು ಮೂರನೆಯದು. ನಾಲ್ಕನೆಯದು ಒಂದು ವಿನಯದ ಪ್ರಶ್ನೆ: "ಡಾಕ್ಟರ್ ಸಾಹೇಬರೇ, ಇದು ಕರುಳಿನ ರಕ್ತನಾಳದ ತೊಂದರೆ ಇರಬಹುದೇ?" ಈ ಪ್ರಶ್ನೆಯಿಂದ ಯಾವ ವೈದ್ಯರೂ ಬೇಸರಪಡುವುದಿಲ್ಲ. ಬಹಳ ಸಲ ಉತ್ತರ 'ಅಲ್ಲ' ಎಂದೇ ಬರುತ್ತದೆ, ಏಕೆಂದರೆ ಇದು ವಿರಳವಾದ ಕಾಯಿಲೆ. 'ಹೌದು' ಎಂದು ಬಂದ ದಿನ ಆ ಒಂದು ವಾಕ್ಯ ಒಂದು ಜೀವದ ಬೆಲೆಯನ್ನು ಪಡೆಯುತ್ತದೆ.

ನೂರು ವರ್ಷ ಈ ಶಾಲೆಯನ್ನು ಕಾಪಾಡಿದವರು ರೊಟ್ಟಿ ಬುತ್ತಿ ಕಟ್ಟಿ ಮಕ್ಕಳನ್ನು ಕಳಿಸಿದ ಒಕ್ಕಲು ಮಕ್ಕಳು, ಸಂಬಳ ತಡವಾದರೂ ಹಲಗೆಯ ಮುಂದೆ ನಿಂತ ಗುರುಗಳು, ಜಾಗ ಕೊಟ್ಟ ದಾನಿಗಳು. ಅವರಿಗೆಲ್ಲ ನನ್ನ ನಮನ. ಮುಂದಿನ ನೂರು ವರ್ಷ ಇಲ್ಲಿ ಕಲಿಯುವ ಮಕ್ಕಳು ತಮ್ಮ ಹಿರಿಯರ ನೋವನ್ನು ಪೂರ್ತಿಯಾಗಿ ಕೇಳಿ, ಪೂರ್ತಿಯಾಗಿ ಹೇಳಬಲ್ಲವರಾಗಲಿ.